ಬನ್ನೂರು ತಳಿಯ ಕುರಿಗಳ ಕಣ್ಣು ಮತ್ತೆ ಕೆಂಪಾಯ್ತು: ಮಳೆಗಾಲದ ಹುಳು ಕಾಟದ ವರದಿ

ಕೊನೆಗೂ ಕುರಿಗಳ ಹೊಟ್ಟೆಯ ಹುಳು ಬಗ್ಗಿದೆ! ಇವತ್ತು ಎಲ್ಲ ಕುರಿಗಳನ್ನೂ ಬಿಸಿಲಿಗೆ ನಿಲ್ಲಿಸಿ ಒಂದೊಂದರ ಕೆಳರೆಪ್ಪೆ ಬಿಡಿಸಿ ನೋಡಿದೆ. ಒಂದೂ ಬಿಳಿಚಿಕೊಂಡಿಲ್ಲ, ಅಂದರೆ ಮೈಯಲ್ಲಿ ಮತ್ತೆ ರಕ್ತ ತುಂಬಿದೆ. ಗದ್ದದ ಕೆಳಗೆ ನೀರಿಳಿದು ಊದಿಕೊಂಡಿದ್ದ ಕುರಿಗಳೂ ಈಗ ಮೇವಿನ ತೊಟ್ಟಿಗೆ ನುಗ್ಗುತ್ತಿವೆ. ಲಸಿಕೆ, ಗೊರಸು ಕತ್ತರಿಸಿದ್ದು, ಹೋತಕ್ಕೆ ಬೇರೆ ಜಾಗ ಮಾಡಿದ್ದು ಎಲ್ಲ ಸಲೀಸಾಗಿ ಮುಗಿದವು. ಅದನ್ನೆಲ್ಲ ಬಿಡುತ್ತೇನೆ. ಈ ಸಲ ಪೂರ್ತಿ ಹುಳುವಿನ ಕಥೆಯೇ.

ನಮ್ಮ ಜಮೀನು ತಾವರೆಕೆರೆ ಕಡೆ. ಮೇ ತಿಂಗಳ ಮಳೆಗೆ ಹುಲ್ಲು ಚಿಗುರಿದ್ದೇ ತಡ, ತೊಂದರೆ ಶುರುವಾಯ್ತು. ಭೇದಿ ಇಲ್ಲ, ಹಿಕ್ಕೆ ಕಾಳು ಕಾಳಾಗಿಯೇ ಬೀಳುತ್ತಿತ್ತು. ಆದರೂ ಕುರಿಗಳು ಸೊರಗುತ್ತಿದ್ದವು. ಮಂದೆ ನಡೆದರೆ ಹಿಂದೆ ಬೀಳುತ್ತಿದ್ದವು. ತಲೆ ಬಗ್ಗಿಸಿ ಮೇದು ಬಂದ ಸಂಜೆ ಗದ್ದದ ಊತ ಜಾಸ್ತಿ, ಬೆಳಿಗ್ಗೆ ಕಮ್ಮಿ. ಕುರಿ ಸಾಕಿದವರಿಗೆ ಇಷ್ಟು ಹೇಳಿದರೆ ಸಾಕು, ಇದು ಹೆಮಾಂಕಸ್ ಅಂತ ಗೊತ್ತಾಗುತ್ತದೆ. ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹುಳು. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕುಡಿಯುತ್ತದೆ. ಕೇಳೋದಕ್ಕೆ ಏನೂ ಅಲ್ಲ ಅನಿಸುತ್ತದೆ. ಆದರೆ ಹೊಟ್ಟೆಯಲ್ಲಿ ಸಾವಿರ ಹುಳು ಇದ್ದರೆ ದಿನಾ 50 ಮಿಲಿ ಹೋಯ್ತು! ಹೆಣ್ಣು ಹುಳು ದಿನಕ್ಕೆ 5000 ಮೊಟ್ಟೆಗೂ ಮೇಲೆ ಇಡುತ್ತದೆ. ಬೆಚ್ಚಗೆ, ತೇವವಾಗಿ ಇದ್ದರೆ ವಾರದೊಳಗೆ ಮರಿಹುಳು ಹುಲ್ಲಿಗೆ ಹತ್ತಲು ತಯಾರು.

ಹುಳುವಿನ ಔಷಧಿ ಆಲ್ಬೆಂಡಜೋಲ್ ಕೊಟ್ಟೆ. ತೂಕ ಹಾಕಿ, ಅಳತೆ ನೋಡಿ, ನಾಲಿಗೆಯ ಹಿಂಭಾಗಕ್ಕೆ ಬೀಳುವ ಹಾಗೆ ಕುಡಿಸಿದೆ. ಏನೂ ಆಗಲಿಲ್ಲ. ಔಷಧಿ ಅಂಗಡಿಯಲ್ಲಿ ವಿಚಾರಿಸಿದರೆ "ಇನ್ನೊಂದು ಬಾಟಲಿ ತಗೊಂಡು ಹೋಗಿ ಸಾರ್, ಇದೇ ಎಲ್ಲರೂ ಒಯ್ಯೋದು" ಅಂದರು. ಸಮಸ್ಯೆ ಇರುವುದೇ ಅಲ್ಲಿ. ಸುತ್ತಲ ಹಳ್ಳಿಗಳಲ್ಲಿ ಎಲ್ಲರೂ ವರ್ಷಗಟ್ಟಲೆ ಅದೊಂದನ್ನೇ ಕುಡಿಸಿದ್ದಾರೆ. ಅದಕ್ಕೆ ಜಗ್ಗದ ಹುಳುಗಳು ಉಳಿದು ಬೆಳೆದಿವೆ. ಸಂತೆಯಲ್ಲಿ ಕುರಿ ಕೊಂಡರೆ ಹೊಟ್ಟೆಯೊಳಗೆ ಆ ಹುಳುಗಳೂ ಜೊತೆಗೆ ಬರುತ್ತವೆ. ದಲ್ಲಾಳಿ ಹಲ್ಲು ತೋರಿಸುತ್ತಾನೆ, ಬೆನ್ನು ತಟ್ಟಿ ತೋರಿಸುತ್ತಾನೆ. ಯಾವ ಔಷಧಿ ಯಾವಾಗ ಕೊಟ್ಟಿದ್ದೀರಿ ಅಂದರೆ ಮಾತ್ರ ಉತ್ತರವೇ ಇಲ್ಲ.

ಅನುಮಾನದ ಮೇಲೆ ಔಷಧಿ ಬದಲಿಸೋದು ಬೇಡ, ಲೆಕ್ಕ ಸಿಗಲಿ ಅಂತ ಹಿಕ್ಕೆ ಪರೀಕ್ಷೆಗೆ ಹೊರಟೆ. ಔಷಧಿ ಕೊಡುವ ದಿನದ ಹಿಕ್ಕೆ ಒಂದು, 10ರಿಂದ 14 ದಿನ ಬಿಟ್ಟು ಅದೇ ಕುರಿಯದು ಇನ್ನೊಂದು. ಔಷಧಿ ಕೆಲಸ ಮಾಡಿದೆ ಅನ್ನಬೇಕಾದರೆ ಹಿಕ್ಕೆಯಲ್ಲಿನ ಹುಳುವಿನ ಮೊಟ್ಟೆಯ ಲೆಕ್ಕ 95 ಪರ್ಸೆಂಟ್ ಆದರೂ ಇಳಿಯಬೇಕು. ನೆಲದ ಮೇಲೆ ಬಿದ್ದಿದ್ದನ್ನು ಆರಿಸಬೇಡಿ, ಕೈಗವಸು ಹಾಕಿಕೊಂಡು ಕುರಿಯ ಗುದದ ಒಳಗಿಂದಲೇ ತೆಗೆಯಿರಿ. ಆಮೇಲೆ ಐಸ್ ಡಬ್ಬಿ ಬೇಕೇ ಬೇಕು. ಬಿಸಿಯಲ್ಲಿ ಇಟ್ಟರೆ ಒಂದು ದಿನದಲ್ಲಿ ಮೊಟ್ಟೆ ಒಡೆಯೋಕೆ ಶುರುವಾಗುತ್ತದೆ, ಲೆಕ್ಕ ತಪ್ಪುತ್ತದೆ. ಪರೀಕ್ಷೆ ಮಾಡುವ ಲ್ಯಾಬ್ ಹೆಬ್ಬಾಳದಲ್ಲಿ, ಇಲ್ಲಿಂದ ರಿಂಗ್ ರೋಡಿನಲ್ಲಿ ಹೋಗಬೇಕು. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತಾಗ ಐಸ್ ಕರಗಿಬಿಡುತ್ತೇನೋ ಅನ್ನೋದೊಂದೇ ಚಿಂತೆ. ಫಲಿತಾಂಶ ಬಂತು. ಮೊಟ್ಟೆಯ ಲೆಕ್ಕ ಅರ್ಧಕ್ಕೂ ಇಳಿದಿರಲಿಲ್ಲ. ಅಲ್ಲಿಗೆ ಆಲ್ಬೆಂಡಜೋಲ್ ಬಾಗಿಲು ಮುಚ್ಚಿತು.

ಆದರೆ ಪ್ರತಿ ಸಲ ಹೆಬ್ಬಾಳಕ್ಕೆ ಓಡೋಕಾಗುತ್ತಾ? ದಾರಿ ತೋರಿಸಿದ್ದು ಪಕ್ಕದ ತೋಟದ ಅಜ್ಜಿ. ಹುಡುಗಿಯಾಗಿದ್ದಾಗಿನಿಂದ ಕುರಿ ಮೇಯಿಸಿದವರು. ಬಂದು ಒಂದು ಕುರಿಯ ಗದ್ದ ಹಿಡಿದರು, ರೆಪ್ಪೆ ಇಳಿಸಿದರು. "ನೋಡಪ್ಪಾ, ಸುಣ್ಣ ಬಳ್ದಂಗೈತೆ. ಇದ್ರಾಗೆ ರಕ್ತವೇ ಇಲ್ಲ." ಅಜ್ಜಿ ಕಣ್ಣಳತೆಯಲ್ಲಿ ನೋಡುವುದನ್ನೇ ದಕ್ಷಿಣ ಆಫ್ರಿಕಾದವರು 5 ಬಣ್ಣಗಳ ಕಾರ್ಡ್ ಮಾಡಿದ್ದಾರೆ. ಫಮಾಚಾ ಅನ್ನುತ್ತಾರೆ. 1 ಅಂದರೆ ಕಡುಗೆಂಪು, 5 ಅಂದರೆ ಬಿಳಿ. 4, 5 ಬಂದರೆ ಔಷಧಿ ಕೊಡಲೇಬೇಕು, 3 ಬಂದರೆ ಮೈಕಟ್ಟು ನೋಡಿ ತೀರ್ಮಾನ.

ನೋಡುವ ಕ್ರಮ ಮುಖ್ಯ. ಬರೀ ಕೆಳರೆಪ್ಪೆ ಎಳೆದರೆ ಅಂಚಿನ ಬಣ್ಣ ಮಾತ್ರ ಕಾಣುತ್ತದೆ, ಅದು ಮೋಸ. ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕಣ್ಣಿನ ಮೇಲೆ ಮುಚ್ಚಿ, ಮೆಲ್ಲಗೆ ಒಳಕ್ಕೆ ಒತ್ತಬೇಕು. ಇನ್ನೊಂದು ಹೆಬ್ಬೆರಳಿನಿಂದ ಕೆಳರೆಪ್ಪೆ ಇಳಿಸಬೇಕು. ಆಗ ಒಳಗಿನ ಪೊರೆ ಉಬ್ಬಿ ಹೊರಗೆ ಬರುತ್ತದೆ. ಅದರ ನಡುವಿನ ಬಣ್ಣ ನೋಡಿ ಕೂಡಲೇ ಬಿಟ್ಟುಬಿಡಿ. ಹಿಡಿದುಕೊಂಡೇ ನಿಂತರೆ ಬಣ್ಣ ಬದಲಾಗುತ್ತದೆ. ಕೊಟ್ಟಿಗೆಯ ನೆರಳಲ್ಲಿ ನೋಡಲೇಬೇಡಿ, ಬಿಸಿಲಿಗೆ ತನ್ನಿ. ಎರಡೂ ಕಣ್ಣು ನೋಡಿ, ಕೆಟ್ಟದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಹೀಗೆ ನೋಡುತ್ತಾ ಹೋದಾಗ ಗೊತ್ತಾಯ್ತು, ಮಂದೆಯಲ್ಲಿ ಬಿಳಿಚಿಕೊಂಡವು ಕೆಲವೇ. ಮುಕ್ಕಾಲು ಪಾಲು ಹುಳು ಕಾಲು ಭಾಗ ಕುರಿಗಳ ಹೊಟ್ಟೆಯಲ್ಲೇ ಇರುತ್ತದೆ ಅನ್ನೋದು ನಿಜ. ನಮ್ಮಲ್ಲಿ ಹೆಚ್ಚು ಸೋತಿದ್ದವು ಹೊಸದಾಗಿ ಈದ ಕುರಿಗಳು. ಈಯುವ ಹೊತ್ತಿಗೆ ಅವುಗಳ ತಡೆಯುವ ಶಕ್ತಿ ಕುಗ್ಗುತ್ತದೆ. ಪಶುವೈದ್ಯರನ್ನು ಕೇಳಿ, ಬಿಳಿಚಿಕೊಂಡವಕ್ಕೆ ಮಾತ್ರ ಬೇರೆ ಗುಂಪಿನ ಔಷಧಿ ಲೆವಮಿಸೋಲ್ ಕುಡಿಸಿದೆ. ಕೆಂಪು ಕಣ್ಣಿನವನ್ನು ಮುಟ್ಟಲಿಲ್ಲ.

ಇದನ್ನು ಒತ್ತಿ ಹೇಳುತ್ತೇನೆ, ಮಂದೆಗೆಲ್ಲ ಒಟ್ಟಿಗೆ ಕುಡಿಸೋದನ್ನು ದಯವಿಟ್ಟು ನಿಲ್ಲಿಸಿ. ಎಲ್ಲಕ್ಕೂ ಕುಡಿಸಿದರೆ ಔಷಧಿಗೆ ಜಗ್ಗದ ಹುಳು ಮಾತ್ರ ಉಳಿಯುತ್ತದೆ, ಮುಂದೆ ಹುಲ್ಲಿನ ತುಂಬ ಅದರದೇ ಮರಿ. ಗಟ್ಟಿ ಕುರಿಗಳನ್ನು ಹಾಗೇ ಬಿಟ್ಟರೆ ಔಷಧಿಗೆ ಸಾಯುವ ಹುಳುಗಳೂ ಮೈದಾನದಲ್ಲಿ ಉಳಿದು ಬೆರೆಯುತ್ತವೆ. ಔಷಧಿ ಇನ್ನಷ್ಟು ವರ್ಷ ನಡೆಯುತ್ತದೆ. ನಮಗಿರುವ ಔಷಧಿ ಗುಂಪುಗಳು ಬೆರಳೆಣಿಕೆಯಷ್ಟು. ಲೆವಮಿಸೋಲ್ ಕೂಡ ಕೆಟ್ಟರೆ ಎಲ್ಲಿಗೆ ಹೋಗೋಣ?

ಲೆವಮಿಸೋಲ್‌ಗೆ ತೂಕ ಅಂದಾಜಿನಲ್ಲಿ ಹೇಳಬೇಡಿ, ಜಾಸ್ತಿಯಾದರೆ ಅಪಾಯ. ನೇತು ಹಾಕುವ ತಕ್ಕಡಿ ಆರ್ಡರ್ ಮಾಡಿದ್ದೆ. "ನಾಳೆ ಬರುತ್ತೆ" ಅಂದುಕೊಂಡೇ ಮಾರುವವರು ಮಳೆಗಾಲ ಅರ್ಧ ಕಳೆಸಿದರು. ಬಂದಾಗ ಕೊಕ್ಕೆಯೇ ಇರಲಿಲ್ಲ! ಮೇಕೆ ಇರುವವರು ಇನ್ನೊಂದು ಗಮನಿಸಿ. ಮೇಕೆಯ ಮೈ ಔಷಧಿಯನ್ನು ಬೇಗ ಅರಗಿಸಿಬಿಡುತ್ತದೆ. ಆಲ್ಬೆಂಡಜೋಲ್ ಗುಂಪಿನದು ಕುರಿಯ ಎರಡರಷ್ಟು, ಲೆವಮಿಸೋಲ್ ಒಂದೂವರೆ ಪಟ್ಟು ಬೇಕು. ಬಾಟಲಿಯ ಮೇಲಿನ ಕುರಿ ಅಳತೆ ಮೇಕೆಗೆ ಸಾಲದು. ವೈದ್ಯರಿಂದ ಬರೆಸಿಕೊಳ್ಳಿ. ವರ್ಷತೊಡಕಿಗೆ ಅಂತ ಟಗರು ಬೆಳೆಸುತ್ತಿದ್ದರೆ, ಔಷಧಿ ಕೊಟ್ಟು ಎಷ್ಟು ದಿನ ಬಿಟ್ಟು ಮಾಂಸಕ್ಕೆ ಕೊಡಬಹುದು ಅನ್ನೋದನ್ನೂ ಕೇಳಿಕೊಳ್ಳಿ.

ಮೇಯಿಸುವ ಸಮಯವನ್ನೂ ಬದಲಿಸಿದ್ದೇನೆ. ಇಬ್ಬನಿ ಆರಿದ ಮೇಲೇ ಗೇಟು ತೆಗೆಯೋದು. ಮರಿಹುಳು ಬಹುಪಾಲು ನೆಲದಿಂದ ಎರಡು ಇಂಚಿನೊಳಗೇ ಇರುತ್ತದೆ, ಹಾಗಾಗಿ ಹುಲ್ಲು ಬುಡದವರೆಗೆ ಸವೆಯೋ ಮೊದಲೇ ಜಾಗ ಬದಲು. ಅಗಸೆ, ಹಿಪ್ಪುನೇರಳೆ ಸೊಪ್ಪನ್ನು ಕಟ್ಟು ಕಟ್ಟಿ ಎತ್ತರಕ್ಕೆ ನೇತು ಹಾಕಿದರೆ ಮೇಕೆಗಳಿಗೆ ಹಬ್ಬ. ಅವು ನೆಲ ನೋಡೋದೇ ಇಲ್ಲ.

ಇದೆಲ್ಲ ನೋಡುತ್ತಾ ತಲೆಯಲ್ಲಿ ಕೂತಿದ್ದು ಅಟ್ಟದ ಕೊಟ್ಟಿಗೆ, ಅಂದರೆ ನೆಲದಿಂದ ಎತ್ತರಕ್ಕೆ ಸಂದು ಬಿಟ್ಟು ಹಾಸು ಹಾಕಿದ್ದು. ಹಿಕ್ಕೆ ಕೆಳಗೆ ಬಿದ್ದುಹೋದರೆ ರಾತ್ರಿಯ ತೇವದ ಕಾಟವೂ ಇಲ್ಲ, ಗೊಬ್ಬರವೂ ಸುಲಭವಾಗಿ ಸಿಗುತ್ತದೆ. ಪ್ಲಾಸ್ಟಿಕ್ ನೆಲಹಾಸಿನವರು ಒಬ್ಬೊಬ್ಬರು ಒಂದೊಂದು ಅಳತೆ ಹೇಳುತ್ತಾರೆ, ಸ್ಯಾಂಪಲ್ ಕೇಳಿದರೆ ಫೋನೇ ಎತ್ತೋದಿಲ್ಲ. ಅದಕ್ಕೇ ಅಡಿಕೆ ದಬ್ಬೆ ಹಾಕೋ ಯೋಚನೆ. ಸಂದು ಒಂದರಿಂದ ಒಂದೂವರೆ ಸೆಂಟಿಮೀಟರ್ ಇಡೋಣ ಅಂತಿದ್ದೇನೆ, ಮರಿಗಳ ಕಾಲು ಸಿಕ್ಕಬಾರದಲ್ಲ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಮುಗಿದ ಮೇಲೆ ಕೆಲಸ ಶುರು, ಅಲ್ಲಿಯವರೆಗೆ ರೆಪ್ಪೆ ನೋಡೋದು ನಡೆದೇ ಇರುತ್ತದೆ. ದಬ್ಬೆ ಹಾಕಿಸಿದವರು ಯಾರಾದರೂ ಇದ್ದರೆ ಎಷ್ಟು ವರ್ಷ ಬಾಳಿಕೆ ಬಂತು, ಮೊಳೆ ಹೊಡೆದಿರೋ ತಂತಿ ಬಿಗಿದಿರೋ ತಿಳಿಸಿ.