ಅಕ್ಕನ ಮನೆ, ಅರ್ಥಿಂಗ್, ಪುಟ್ಟಿಯ ಕಂಪ್ಯೂಟರ್

ಜನವರಿ 18, 2025, ಶನಿವಾರ
ಅಕ್ಕಲಕೋಟೆ

ಗಡ್ಡಾ ಜಾತ್ರೆ ನೋಡಲಿಕ್ಕೆ ಎಲ್ಲರೂ ಸೊಲ್ಲಾಪುರಕ್ಕೆ ಹೋದರೆ, ಅಕ್ಕನ ಮಗಳು ಪುಟ್ಟಿ ಸೊಲ್ಲಾಪುರ ಬಿಟ್ಟು ಊರಿಗೆ ಬಂದಿದ್ದಾಳೆ. ಕೈಯಲ್ಲಿ ಕಂಪ್ಯೂಟರಿನ ಬಿಡಿ ಸಾಮಾನಿನ ಡಬ್ಬಿಗಳು. ತಾನೇ ಜೋಡಿಸುತ್ತಾಳಂತೆ. ಭಾವ ತೊಗರಿ ಮಾರಿ ಕೊಟ್ಟ ದುಡ್ಡು ಅದು. ಅಕ್ಕನಿಗೆ ಎದೆ ಡವಡವ. "ಒಂದ್ಸಲ ಬಂದು ನೋಡಿ ಹೋಗೋ ತಮ್ಮಾ" ಅಂತ ಫೋನ್ ಮಾಡಿದಳು. ವೈರಿಂಗ್ ಕೆಲಸ ಮುಗಿಸಿ, ಕರೆಂಟ್ ನೋಡುವ ಟೆಸ್ಟ್ ಲ್ಯಾಂಪ್ ಹಿಡಿದುಕೊಂಡೇ ಹೋದೆ.

ಮೊದಲು ಸಾಕೆಟ್ ನೋಡಿದೆ. ಲ್ಯಾಂಪಿನ ಒಂದು ವೈರ್ ಕರೆಂಟ್ ಬರುವ ಫೇಸಿಗೆ, ಇನ್ನೊಂದು ಮೇಲಿನ ದೊಡ್ಡ ಅರ್ಥ್ ತೂತಿಗೆ. ಬಲ್ಬ್ ಹತ್ತಲಿಲ್ಲ. ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದರೆ ಒಳಗೆ ಎರಡೇ ವೈರು. ಮನೆ ಕಟ್ಟುವಾಗ ವೈರಿಂಗ್ ಮಾಡಿದವರು ಮೂರು ತೂತಿನ ಸಾಕೆಟ್ ಕೂರಿಸಿದ್ದಾರೆ, ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥ್ ವೈರ್ ಎಳೆದೇ ಇಲ್ಲ. ಇಂಥದ್ದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ. ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಅರ್ಥ್ ಇಲ್ಲದ ಸಾಕೆಟ್ಟಿಗೆ ಕಂಪ್ಯೂಟರ್ ಹಾಕಿದರೆ ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಕ್ಯಾಬಿನೆಟ್ಟಿನ ಮೈಗೆ 230ರ ಅರ್ಧದಷ್ಟು ವೋಲ್ಟೇಜ್ ಬಂದು ನಿಲ್ಲುತ್ತದೆ. ಕರೆಂಟ್ ಬಹಳ ಕಡಿಮೆ. ಆದರೂ ಮುಟ್ಟಿದರೆ ಜುಮ್ ಅನ್ನುತ್ತದೆ.

"ಇವತ್ತು ಪ್ಲಗ್ ಹಾಕೋದೇ ಬೇಡ" ಅಂದೆ.

"ಜೋಡಿಸಲಿಕ್ಕೆ ಪ್ಲಗ್ ಬೇಕಾಗೇ ಇಲ್ಲ ಮಾಮಾ" ಅಂದಳು ಪುಟ್ಟಿ. ಚೀಲದಿಂದ ಒಂದು ಪಟ್ಟಿ ತೆಗೆದಳು. ಮೈಯಲ್ಲಿ ಕೂಡುವ ಸ್ಟ್ಯಾಟಿಕ್ (ಸ್ಥಾಯಿ ವಿದ್ಯುತ್) ಕಿಡಿಯಾಗಿ ಚಿಪ್ಪುಗಳಿಗೆ ಹಾರದ ಹಾಗೆ ಮಣಿಕಟ್ಟಿಗೆ ಕಟ್ಟಿಕೊಳ್ಳುವುದು. ಅದಕ್ಕೊಂದು ಸುರುಳಿ ವೈರು, ತುದಿಗೆ ಕ್ಲಿಪ್ಪು. ಕ್ಲಿಪ್ಪನ್ನು ಕ್ಯಾಬಿನೆಟ್ಟಿನ ಪೇಂಟ್ ಇಲ್ಲದ ಕಬ್ಬಿಣಕ್ಕೆ ಹಚ್ಚಬೇಕಂತೆ.

ನನಗೆ ಅದು ಸರಿ ಕಾಣಲಿಲ್ಲ. ಈ ಕೆಲಸಕ್ಕೆ ಬಂದ ದಿನದಿಂದ ನಾವು ಕಲಿತದ್ದು ಒಂದೇ. ಒಣ ಕಟ್ಟಿಗೆ ಮೇಲೆ ನಿಲ್ಲು, ರಬ್ಬರ್ ಚಪ್ಪಲಿ ಹಾಕು, ಮೈಯಿಂದ ನೆಲಕ್ಕೆ ದಾರಿ ಕೊಡಬೇಡ. ಇವಳು ನೋಡಿದರೆ ಮೈಗೇ ವೈರ್ ಕಟ್ಟಿಕೊಳ್ಳುತ್ತಾಳೆ!

"ಒಳಗ ಕರೆಂಟ್ ತಡಿಯೋ ಒಂದು ಮೆಗಾ ಓಮ್ ರೆಸಿಸ್ಟರ್ ಅದ ಮಾಮಾ. ಅಕಸ್ಮಾತ್ 230 ಹತ್ತಿದ್ರೂ ಕಾಲು ಮಿಲಿ ಆಂಪಿಯರ್ ಸೈತ ದಾಟಂಗಿಲ್ಲ."

ಆಗ ಜೇಬಿನ ಟೆಸ್ಟರ್ ನೆನಪಾಯಿತು. ಅದರೊಳಗೂ ಅಂಥದ್ದೇ ದೊಡ್ಡ ರೆಸಿಸ್ಟರ್ ಇರುತ್ತದೆ. ಅದಕ್ಕೇ ಅಲ್ವಾ ನಾವು ಹಿಂಬದಿಗೆ ಬೆರಳಿಟ್ಟು ಫೇಸ್ ನೋಡುವುದು? ಕರೆಂಟ್ ನಮ್ಮ ಮೈಯಲ್ಲೇ ಹಾದು ಹೋಗುತ್ತದೆ, ಗೊತ್ತಾಗುವುದಿಲ್ಲ ಅಷ್ಟೆ. ಸಮಾಧಾನವಾಯಿತು. ಆದರೂ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದೆ. ಪವರ್ ಕೊಟ್ಟ ಮೇಲೆ ಆ ಪಟ್ಟಿ ಕೈಯಲ್ಲಿ ಇರಬಾರದು.

ಅಕ್ಕ ಸುಟ್ಟ ಎಳೆ ಜೋಳದ ಸೀತನಿ ತಂದಿಟ್ಟಳು. ಬಿಸಿ ಬಿಸಿ, ಶೇಂಗಾ ಚಟ್ನಿ ಜೊತೆ. ಈ ವರ್ಷದ ಜೋಳ ಚಲೋ ಬಂದಿದೆ. ತಿನ್ನುತ್ತಾ ಪುಟ್ಟಿ ಹೇಳಿದ್ದು ಈಗಲೂ ತಲೆಯಲ್ಲಿ ಕೊರೆಯುತ್ತಿದೆ. ಮೈಯ ಸ್ಟ್ಯಾಟಿಕ್ ನಮ್ಮ ಬೆರಳಿಗೆ ಚಟ್ ಅಂತ ತಿಳಿಯಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಕೆಲವು ಚಿಪ್ಪುಗಳಿಗೆ 100 ವೋಲ್ಟೇ ಜಾಸ್ತಿ. ಅಂದರೆ ಹೊಡೆತ ಬಿದ್ದದ್ದು ಕೈಗೂ ತಿಳಿಯುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಕೆಲವೊಮ್ಮೆ ಸಾಮಾನು ಆಗಲೇ ಸಾಯುವುದೂ ಇಲ್ಲ. ಒಳಗೆ ಅರೆಬರೆ ಗಾಯವಾಗಿ, ತಿಂಗಳುಗಟ್ಟಲೆ ನಡೆದು, ಆಮೇಲೆ ಒಂದು ದಿನ ನಿಂತುಬಿಡುತ್ತದೆ. ನನ್ನ ಕೆಲಸದಲ್ಲಿ ಫ್ಯೂಸ್ ಹೋದರೆ ಹೋಯಿತು, ಸುಟ್ಟರೆ ವಾಸನೆ ಬರುತ್ತದೆ. ಇದಕ್ಕೆ ಗುರುತೇ ಇಲ್ಲ.

ಅದೂ ಇದು ಚಳಿಗಾಲ. ನಮ್ಮ ಕಡೆ ಗಾಳಿ ಒಣಗಿ ತುಟಿ ಒಡೆಯುವ ಹೊತ್ತು. ರಾತ್ರಿ ಸ್ವೆಟರ್ ತೆಗೆದರೆ ಕತ್ತಲಲ್ಲಿ ಕಿಡಿ ಕಾಣುತ್ತದೆ. ಪುಟ್ಟಿ ಅಕ್ರಿಲಿಕ್ ಸ್ವೆಟರ್ ಬಿಚ್ಚಿಟ್ಟು ಹತ್ತಿ ಅಂಗಿಯಲ್ಲೇ ಕೂತಿದ್ದಳು. ನಡುಗುತ್ತಿದ್ದಳು ಪಾಪ. ಮಂಚದ ಮೇಲಿನ ರಗ್ಗು ಬೇಡ, ಬರೀ ಕಟ್ಟಿಗೆ ಮೇಜು ಸಾಕು ಅಂದಳು. ಡಬ್ಬಿಯ ಥರ್ಮಾಕೋಲನ್ನೆಲ್ಲ ಅಂಗಳಕ್ಕೆ ಹಾಕಿಸಿದಳು. ಮದರ್‌ಬೋರ್ಡ್ ಇನ್ನೂ ಬೆಳ್ಳಿ ಬಣ್ಣದ ಚೀಲದಲ್ಲೇ ಇದೆ. ಕೂರಿಸುವ ಹೊತ್ತಿಗೆ ಮಾತ್ರ ತೆಗೆಯುತ್ತಾಳೆ. ರ‍್ಯಾಮ್ ಹಿಡಿಯುವುದು ಅಂಚಿನಲ್ಲಿ, ಬಂಗಾರದ ಬಣ್ಣದ ಹಲ್ಲು ಮುಟ್ಟುವ ಹಾಗಿಲ್ಲ. ಪಟ್ಟಿ ಇಲ್ಲದವರು ಏನು ಮಾಡಬೇಕು ಅಂತ ಕೇಳಿದೆ. ಪ್ರತಿ ಸಾಮಾನು ಎತ್ತುವ ಮೊದಲು ಕ್ಯಾಬಿನೆಟ್ಟಿನ ಬರಿ ಕಬ್ಬಿಣ ಮುಟ್ಟಬೇಕಂತೆ. ನಮ್ಮ ಮೈಯೂ ಅದರ ಮೈಯೂ ಒಂದೇ ಮಟ್ಟಕ್ಕೆ ಬಂದರೆ ಕಿಡಿ ಹಾರಲಿಕ್ಕೆ ಕಾರಣವೇ ಇರುವುದಿಲ್ಲ.

ಎಷ್ಟು ಹುಷಾರಾಗಿದ್ದಾಳೆ ಹುಡುಗಿ. ಖುಷಿ ಆಯಿತು.

"ಕೆಟ್ಟರ ದುಡ್ಡು ವಾಪಸ್ ಕೊಡ್ತಾರೇನೋ?" ಅಂತ ಅಕ್ಕ ಬಾಗಿಲ ತನಕ ಬಂದು ಕೇಳಿದಳು. ಕೆಡೋದಿಲ್ಲ ಬಿಡಕ್ಕ ಅಂದೆ.

ನಾಳೆ ಅವಳು ಜೋಡಿಸಲಿ. ಸ್ವಿಚ್ ಹಾಕುವ ಮೊದಲು ಅರ್ಥ್ ಆಗಬೇಕು. ಇದ್ದಿಲು, ಉಪ್ಪು, ಪೈಪು, ಎಂಟು ಗೇಜಿನ ಜಿಐ ವೈರು, ಎಲ್ಲ ನನ್ನ ಹತ್ತಿರ ಇದೆ. ಇವನ್ನು ಹೂಳುವ ಗುಂಡಿ ಎಲ್ಲಿ ತೋಡುವುದು ಅಂತಲೇ ಯೋಚನೆ. ನಮ್ಮ ಯರಿ (ಕಪ್ಪು) ಮಣ್ಣು ಬೇಸಿಗೆಗೆ ಬಿರುಕು ಬಿಡುತ್ತದೆ, ತೇವ ನಿಲ್ಲುವ ಜಾಗವೇ ಬೇಕು. ಬಚ್ಚಲ ನೀರು ಹರಿಯುವ ಕಡೆ ಒಳ್ಳೆಯದು, ಆದರೆ ಅಲ್ಲಿ ಅಕ್ಕನ ಕರಿಬೇವಿನ ಗಿಡ ಇದೆ, ಉಪ್ಪಿಗೆ ಅದು ಉಳಿಯುವುದಿಲ್ಲ. ಕೊಟ್ಟಿಗೆ ಕಡೆಯಂತೂ ಬೇಡ, ದನಗಳ ಕಾಲಿನ ಹತ್ತಿರ ಅರ್ಥ್ ಇರಬಾರದು. ಇನ್ನು ಉಳಿದದ್ದು ತುಳಸಿ ಕಟ್ಟೆಯ ಹಿಂದಿನ ಮೂಲೆ, ಅಲ್ಲಿಂದ ಬೋರ್ಡಿಗೆ ವೈರ್ ಸಾಲುತ್ತದೋ ಏನೋ, ಬೆಳಿಗ್ಗೆ ಅಳತೆ ಹಿಡಿದು ನೋಡಬೇಕು.