ಶಿವನ ನೆತ್ತಿಯ ಮೇಲೆ ತುಂಬೆಯ ಪಾದ

ಈ ಶಿವರಾತ್ರಿಗೆ ನಂದಿಬೆಟ್ಟದ ಬುಡದ ನಂದಿ ಊರಿನ ಭೋಗನಂದೀಶ್ವರನ ಸನ್ನಿಧಿಯಲ್ಲಿ ನಿಂತಾಗ ಆದದ್ದನ್ನು ಬರೆಯದೆ ಇರಲಾಗುತ್ತಿಲ್ಲ. ಅಭಿಷೇಕ ಮುಗಿದು ಅಲಂಕಾರವಾಗಿತ್ತು. ಸೇವಂತಿಗೆ, ಗುಲಾಬಿ, ಬಿಲ್ವ ಎಲ್ಲ ರಾಶಿಯಾಗಿ ಏರಿದ್ದವು. ಅರ್ಚಕರು ನಮ್ಮ ದೊನ್ನೆ ತೆಗೆದುಕೊಂಡು ಅದರಲ್ಲಿದ್ದ ತುಂಬೆ ಹೂವನ್ನು ಎಲ್ಲದಕ್ಕೂ ಮೇಲೆ, ಸ್ವಾಮಿಯ ನೆತ್ತಿಗೇ ಸುರಿದರು. ಮಂಗಳಾರತಿಯ ಬೆಳಕಲ್ಲಿ ಆ ಬಿಳುಪು ಕಂಡದ್ದೇ ತಡ, ಕಣ್ಣು ತುಂಬಿ ಬಂತು. ಅಜ್ಜಿ ಪಕ್ಕದಲ್ಲೇ ನಿಂತ ಹಾಗಾಯಿತು.

ಶಿವರಾತ್ರಿಯ ದಿನ ಅಜ್ಜಿ ಬೆಳಕು ಹರಿಯುವ ಮುಂಚೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಗಂಟು ಕಟ್ಟಿ, ಹೊಲದ ಬದುವಿಗೆ ಹೊರಡುತ್ತಿದ್ದಳು. ತುಂಬೆ ಬಿಡಿಸುವುದು ಗುಲಾಬಿ ಕುಯ್ದಂತಲ್ಲ. ಗಿಡ ಮೊಣಕಾಲೆತ್ತರಕ್ಕೂ ಬರುವುದು ಅಪರೂಪ. ಗೆಣ್ಣುಗೆಣ್ಣಿಗೂ ಒಂದು ಹಸಿರು ಗುಂಡು, ಅದರ ಸುತ್ತ ಉಗುರಿನಷ್ಟೂ ಇಲ್ಲದ ಬಿಳಿ ಹೂ. ಸ್ವಲ್ಪ ಒತ್ತಿದರೂ ನಲುಗಿಬಿಡುತ್ತದೆ. ಅಜ್ಜಿ ಎರಡು ಬೆರಳ ತುದಿಯಲ್ಲಿ ಎಸಳು ಹಿಡಿದು ಮೆಲ್ಲಗೆ ಎಳೆಯುವಳು. ಬುಡದಲ್ಲಿ ಜೇನಿನ ಹನಿ ಸಮೇತ ಹೂ ಕಳಚಿಕೊಂಡು ಬರುತ್ತಿತ್ತು. ನಾವು ಹುಡುಗರು ಅದನ್ನು ಚೀಪಲು ಹೋದರೆ, "ಮೊದಲು ಸ್ವಾಮಿಗೆ" ಅಂತ ಕೈ ಸರಿಸುವಳು. ಇರುವೆಯಿದ್ದರೆ ಗಿಡದ ಮೇಲೇ ಉದುರಿಸಿ, ಮೂಸದೆ, ಬಾಯಿಂದ ಊದದೆ, ಮುತ್ತುಗದ ದೊನ್ನೆಗೆ ಹಾಕುವಳು. ಬಿಸಿಲೇರಿದರೂ ದೊನ್ನೆಯ ತಳ ಮುಚ್ಚಿರುತ್ತಿರಲಿಲ್ಲ. ಹೊಟ್ಟೆಯಲ್ಲಿ ಉಪವಾಸ, ಬಾಯಲ್ಲಿ ಪಂಚಾಕ್ಷರಿ. ಒಂದೊಂದು ಹೂವಿಗೂ ಒಂದೊಂದು ಸಲ "ನಮಃ ಶಿವಾಯ". ಪೂಜೆ ಅಲ್ಲೇ, ಬದುವಿನ ಮೇಲೇ ಆಗಿಹೋಗುತ್ತಿತ್ತು ಅಂತ ನನಗೀಗ ಅನ್ನಿಸುತ್ತದೆ.

ತುಂಬೆಯ ಕತೆ ನಿಮಗೂ ಗೊತ್ತಿರುತ್ತದೆ. ಶಿವ ಪ್ರತ್ಯಕ್ಷನಾಗಿ ವರ ಕೇಳು ಅಂದಾಗ, "ನಿನ್ನ ಪಾದ ನನ್ನ ತಲೆ ಮೇಲಿರಲಿ" ಅನ್ನಬೇಕಾದ ಹೂ ಸಂತೋಷಕ್ಕೆ ತಡಬಡಿಸಿ, "ನನ್ನ ಪಾದ ನಿನ್ನ ತಲೆ ಮೇಲಿರಲಿ" ಅಂದುಬಿಟ್ಟಿತಂತೆ. ಸ್ವಾಮಿ ನಕ್ಕು ತಥಾಸ್ತು ಅಂದ. ಹೂವನ್ನು ಅಂಗೈಯಲ್ಲಿಟ್ಟು ನೋಡಿ, ಪುಟ್ಟ ಪಾದವೇ ಅದು. ಅಜ್ಜಿ ಈ ಕತೆಯ ಬೆನ್ನಿಗೇ ಕೇದಗೆಯ ಕತೆ ಹೇಳುತ್ತಿದ್ದಳು. ಅಷ್ಟು ಪರಿಮಳದ ಹೂ, ಬ್ರಹ್ಮನ ಪರವಾಗಿ ಸುಳ್ಳು ಸಾಕ್ಷಿ ನುಡಿದು ಶಿವಪೂಜೆಯಿಂದಲೇ ಹೊರಗಾಯಿತು. "ಬಾಯಿ ತಪ್ಪಿದ್ದಕ್ಕೆ ಸ್ವಾಮಿ ಕೋಪ ಮಾಡ್ಕೊಳ್ಳಲ್ಲ ಕಣಪ್ಪ, ಮನಸ್ಸು ತಪ್ಪಿದ್ರೆ ಬಿಡಲ್ಲ" ಅನ್ನುವಳು. ಮಂತ್ರ ಸರಿಯಾಗಿ ಬಾರದ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಅಭಯ ಇನ್ನೇನು ಬೇಕು?

ನಮ್ಮ ನಂದಿಯಲ್ಲಿ ಈ ಕತೆಗೆ ಇನ್ನೂ ತೂಕ. ಬೆಟ್ಟದ ಮೇಲಿರುವವನು ಎಲ್ಲ ತೊರೆದ ಯೋಗನಂದೀಶ್ವರ, ಕೆಳಗಿರುವವನು ಭೋಗನಂದೀಶ್ವರ. ನೊಳಂಬ ಅರಸರ ಕಾಲದಿಂದ, 9ನೇ ಶತಮಾನದಿಂದ ಪೂಜೆಗೊಳ್ಳುತ್ತ ಬಂದವನು. ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳಲ್ಲಿ ಶಿಲ್ಪಿಗಳು ಬಳ್ಳಿಗಳನ್ನೇ ಹಬ್ಬಿಸಿದ್ದಾರೆ. ಇಷ್ಟೆಲ್ಲ ಭೋಗದ ನಡುವೆಯೂ ಅವನ ತಲೆ ಮೇಲೆ ಕಾಲಿಡುವ ಸಲುಗೆ ಯಾರೂ ನೆಡದ, ಯಾರೂ ನೀರು ಹಾಯಿಸದ ಬದುವಿನ ಗಿಡಕ್ಕೆ!

ಬೆಳೆದ ಹೂವುಗಳು ಕಡಿಮೆಯೆಂದು ನಾನು ಹೇಳಲಾರೆ. ಚೆಂಡು ಹೂವಿನ ತವರು ದೂರದ ಮೆಕ್ಸಿಕೋ, ಸೇವಂತಿಗೆಯದು ಚೀನಾ. ಎರಡಕ್ಕೂ ಸ್ವಾಮಿಯ ಪಾದದಲ್ಲಿ ಜಾಗ ಸಿಕ್ಕಿದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಸಾವಿರ ಅಡಿ ಕೊರೆದು ನೀರೆತ್ತಿ ಹೂ ಬೆಳೆಯುವ ರೈತರ ಬೆವರೂ ನೈವೇದ್ಯವೇ. 2020ರ ಲಾಕ್‌ಡೌನಿನಲ್ಲಿ ಕೊಳ್ಳುವವರಿಲ್ಲದೆ ಅರಳಿದ ಹೂವಿನ ಮೇಲೆಯೇ ಟ್ರ್ಯಾಕ್ಟರ್ ಹೊಡೆದವರ ಸಂಕಟವನ್ನು ಈ ಕಡೆಯವರು ಮರೆತಿಲ್ಲ.

ನನ್ನ ದುಃಖ ಬೇರೆ. ಹಬ್ಬದ ದಿನವೂ ದೇವರ ಮನೆ ಬಾಗಿಲಿಗೆ ಪ್ಲಾಸ್ಟಿಕ್ ಮಾಲೆ ಬಿಟ್ಟು, "ಬಾಡೋದೇ ಇಲ್ಲ ನೋಡಿ" ಅಂತ ಹೆಮ್ಮೆಪಡುತ್ತಾರೆ. ಬೆಳಗ್ಗೆ ಅರಳಿ ಸಂಜೆಗೆ ಬಾಡುವುದರಿಂದಲೇ ಅಲ್ಲವೇ ನಾಳೆ ಮತ್ತೆ ಬಿಡಿಸಲು ಹೋಗುವುದು? ಬದುಗಳ ಗತಿಯಂತೂ ಹೇಳುವ ಹಾಗಿಲ್ಲ. ಕಳೆ ಔಷಧಿ ಹೊಡೆದ ಕಡೆ ತುಂಬೆ ಸುಟ್ಟುಹೋಗುತ್ತದೆ. ಅದನ್ನು ಹುಡುಕಿ ಬರುವ ಜೇನು, ಚಿಟ್ಟೆಗಳೂ ಹೋಗುತ್ತವೆ. ಈ ಸಲ ಹೊಲಹೊಲ ಅಲೆದರೂ ನಮಗೆ ಹೂ ಸಿಗಲಿಲ್ಲ. ಕೊನೆಗೆ ಕೆರೆ ಅಂಗಳದ ತೇವದಲ್ಲಿ ನಾಲ್ಕಾರು ಗಿಡ ಸಿಕ್ಕವು. ಸ್ವಾಮಿಯೇ ಉಳಿಸಿಟ್ಟುಕೊಂಡಿದ್ದ.

ನಮ್ಮ ಹೊಲದ ಮೂಡಲ ಬದುವಿಗೆ ಔಷಧಿ ಮುಟ್ಟಿಸಬೇಡ ಅಂತ ತಮ್ಮನಿಗೆ ಹೇಳಿದ್ದೇನೆ, ಒಪ್ಪಿದ್ದಾನೆ. ನೀವೂ ಒಂದು ಬದು ಬಿಡಿ. ಜಾಗವಿಲ್ಲದವರು ಬರುವ ಶಿವರಾತ್ರಿಗೆ ಮಕ್ಕಳನ್ನು ಕರೆದುಕೊಂಡು ನಮ್ಮ ಹೊಲಕ್ಕೇ ಬನ್ನಿ. ಬಿಸಿಲೇರುವ ಮುಂಚೆ ಬನ್ನಿ, ಬಿಡಿಸಲು ಹೊತ್ತು ಹಿಡಿಯುತ್ತದೆ.