‘ಟ್ಯೂರಿನ್ ಶವವಸ್ತ್ರ ನಿಜವೋ ಸುಳ್ಳೋ?’: ಕೇಳುವವರಿಗೆಲ್ಲ ಒಂದೇ ಸಲ

ಮೊದಲು ಉತ್ತರ ಹೇಳಿಬಿಡುತ್ತೇನೆ. ಯೇಸುಸ್ವಾಮಿಯ ಶವಕ್ಕೆ ಸುತ್ತಿದ್ದೆಂದು ಹಲವರು ನಂಬುವ, ಇಟಲಿಯ ಟ್ಯೂರಿನ್ ನಗರದ ಪ್ರಧಾನ ಇಗರ್ಜಿಯಲ್ಲಿರುವ ಆ ನಾರುಬಟ್ಟೆ 13 ಅಥವಾ 14ನೇ ಶತಮಾನದ್ದು. ಯೇಸುಸ್ವಾಮಿಯ ಕಾಲದ್ದಲ್ಲ.

ಇಷ್ಟು ಹೇಳಿದರೆ ಸಾಕು, ಎರಡನೆಯ ಪ್ರಶ್ನೆ ಬಂದೇ ಬರುತ್ತದೆ. ‘ಆ ಕಾರ್ಬನ್ ಟೆಸ್ಟೇ ತಪ್ಪು ಅಂತ ಸಾಬೀತಾಯ್ತಲ್ಲ?’ ಮೊದಲ ಪ್ರಶ್ನೆಗೆ ಎಷ್ಟು ಸಲ ಬೇಕಾದರೂ ಉತ್ತರ ಕೊಟ್ಟೇನು. ಈ ‘ಸಾಬೀತಾಯ್ತಲ್ಲ’ ಎಂಬ ಮಾತು ಮಾತ್ರ ಸಹಿಸಲು ಆಗುವುದಿಲ್ಲ. ಯಾರು ಸಾಬೀತು ಮಾಡಿದರು? ಯಾವ ಎಳೆಯ ಮೇಲೆ? ಕೇಳಿದವರಿಗೆ ಗೊತ್ತಿರುವುದಿಲ್ಲ, ಎಲ್ಲೋ ಒಂದು ವಿಡಿಯೋ ನೋಡಿರುತ್ತಾರೆ. ಹಾಗಾಗಿ ಆ ಟೆಸ್ಟಿನಲ್ಲಿ ಏನಾಯಿತು ಎಂಬುದನ್ನೇ ಬರೆಯುತ್ತೇನೆ.

ಬಟ್ಟೆಯ ಉದ್ದ ಸುಮಾರು 4.4 ಮೀಟರ್, ಅಗಲ 1.1 ಮೀಟರ್. ಅಗಸೆ ನಾರಿನದ್ದು. ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಗೆ ಹುರಿಯುವ ಅಗಸೆ ಬೀಜದ ಗಿಡವೇ ಇದರ ಮೂಲ. ಹಾಸುಹೊಕ್ಕಿನಲ್ಲಿ ಮೂರು ಎಳೆ ಒಂದು ಕಡೆ, ಒಂದು ಎಳೆ ಇನ್ನೊಂದು ಕಡೆ ಬರುವಂತೆ ನೇಯ್ದು ಮೀನಿನ ಮುಳ್ಳಿನಂಥ ಗೆರೆ ಮೂಡಿಸಿದ್ದಾರೆ. ಮೇಲೆ ಶಿಲುಬೆಗೇರಿಸಿದ ಮನುಷ್ಯನ ಮುಂಭಾಗ, ಹಿಂಭಾಗಗಳ ಹಳದಿ ಛಾಯೆ. ಖಚಿತ ದಾಖಲೆ ಸಿಗುವುದು 1350ರ ದಶಕದಿಂದ, ಫ್ರಾನ್ಸಿನ ಲಿರೇ ಎಂಬ ಹಳ್ಳಿಯ ಇಗರ್ಜಿಯಲ್ಲಿ. 1389ರಲ್ಲಿ ಅಲ್ಲಿನ ಬಿಷಪ್ ಪಿಯರ್ ದಾರ್ಸಿ, ಇದು ಚಿತ್ರಕಾರನೊಬ್ಬನ ಕೈಕೆಲಸವೆಂದೂ ಆತನೇ ಅದನ್ನು ಒಪ್ಪಿಕೊಂಡಿದ್ದನೆಂದೂ ಬರೆದಿಟ್ಟ. 1532ರಲ್ಲಿ ಶಾಂಬೆರಿ ಎಂಬ ಊರಿನ ಬೆಂಕಿಯಲ್ಲಿ ಬಟ್ಟೆ ಅಲ್ಲಲ್ಲಿ ಸುಟ್ಟಿತು. ಎರಡು ವರ್ಷದ ಬಳಿಕ ಕನ್ಯಾಸ್ತ್ರೀಯರು ತೇಪೆ ಹಾಕಿದರು. 1578ರಲ್ಲಿ ಅದು ಟ್ಯೂರಿನ್‌ಗೆ ಬಂತು.

ಇನ್ನು ಆ ಕಾರ್ಬನ್, ಅಂದರೆ ಇಂಗಾಲದ, ಪರೀಕ್ಷೆ. ಗಿಡವನ್ನು ಹೊಲದಿಂದ ಕಿತ್ತ ದಿನವೇ ಅದು ಗಾಳಿಯಿಂದ ಇಂಗಾಲ ಹೀರುವುದನ್ನು ನಿಲ್ಲಿಸುತ್ತದೆ. ಅದರಲ್ಲಿರುವ ಇಂಗಾಲ-14 ಎಂಬ ವಿಕಿರಣಶೀಲ ಬಗೆಯ ಇಂಗಾಲ ಪ್ರತಿ 5,730 ವರ್ಷಕ್ಕೆ ಅರ್ಧದಂತೆ ಕರಗುತ್ತಾ ಹೋಗುತ್ತದೆ. ಉಳಿದದ್ದನ್ನು ಎಣಿಸಿದರೆ ವಯಸ್ಸು ಸಿಗುತ್ತದೆ. ಹಳೆಯ ವಿಧಾನಕ್ಕೆ ಕರವಸ್ತ್ರದಷ್ಟು ಬಟ್ಟೆ ಬೇಕಿತ್ತು, ಅಷ್ಟನ್ನು ಕತ್ತರಿಸಲು ಯಾರು ತಾನೇ ಒಪ್ಪುತ್ತಾರೆ? ಪರಮಾಣುಗಳನ್ನೇ ನೇರವಾಗಿ ಎಣಿಸುವ ವೇಗೋತ್ಕರ್ಷಕ ಯಂತ್ರ ಬಂದ ಮೇಲೆ ಕೆಲವೇ ಮಿಲಿಗ್ರಾಂ ಸಾಕಾಯಿತು.

1988ರ ಏಪ್ರಿಲ್ 21ರಂದು ಬಟ್ಟೆಯ ಒಂದು ಮೂಲೆಯಿಂದ ಸುಮಾರು 10 ಮಿಲಿಮೀಟರ್ ಅಗಲ, 70 ಮಿಲಿಮೀಟರ್ ಉದ್ದದ ಪಟ್ಟಿ ಕತ್ತರಿಸಿದರು. ಅರಿಜೋನಾ, ಆಕ್ಸ್‌ಫರ್ಡ್, ಜ್ಯೂರಿಕ್ ಪ್ರಯೋಗಾಲಯಗಳಿಗೆ ತಲಾ 50 ಮಿಲಿಗ್ರಾಂನಷ್ಟು ಹೋಯಿತು. ಜೊತೆಗೆ ವಯಸ್ಸು ಬೇರೆ ದಾರಿಯಿಂದ ಗೊತ್ತಿದ್ದ ಮೂರು ಹಳೆಯ ಬಟ್ಟೆಗಳ ಮಾದರಿಗಳನ್ನೂ ಕೊಟ್ಟರು: ನ್ಯೂಬಿಯಾದ ಸಮಾಧಿಯೊಂದರದ್ದು, ಈಜಿಪ್ಟಿನ ಥೀಬ್ಸ್‌ನ ಮಮ್ಮಿಯದ್ದು, ಫ್ರಾನ್ಸಿನ ಸಂತರೊಬ್ಬರ ಮೇಲಂಗಿಯದ್ದು. ಯಾವುದು ಯಾವುದೆಂದು ಪ್ರಯೋಗಾಲಯಕ್ಕೆ ಗೊತ್ತಾಗದಿರಲಿ ಎಂದು ಹೆಸರಿಲ್ಲದೆ ಡಬ್ಬಿಯಲ್ಲಿ ಹಾಕಿದ್ದರು. ಆದರೆ ಆ ಮೀನಿನ ಮುಳ್ಳಿನ ನೇಯ್ಗೆ ನೋಡಿದವರಿಗೆ ಗುರುತು ಸಿಕ್ಕೇ ಸಿಗುತ್ತದೆ. ಎಳೆ ಬಿಡಿಸಿ ಕೊಟ್ಟರೆ ನೇಯ್ಗೆ ಕಾಣದು, ಆದರೆ ಬಿಡಿ ನಾರನ್ನು ತೊಳೆಯುವಾಗ ಬಹಳಷ್ಟು ಕಳೆದುಹೋಗುತ್ತದೆ.

ತುಂಡುಗಳನ್ನು ಮೊದಲು ಒಂದೊಂದು ಕಡೆ ಒಂದೊಂದು ರೀತಿಯಲ್ಲಿ ಶುಚಿ ಮಾಡಿ, ಹೆಚ್ಚಿನವನ್ನು ಆಮ್ಲ, ಕ್ಷಾರ, ಮತ್ತೆ ಆಮ್ಲದಲ್ಲಿ ಅದ್ದಿ, ಸುಟ್ಟು, ಅನಿಲವನ್ನು ಗ್ರಾಫೈಟ್ ಮಾಡಿ ಯಂತ್ರಕ್ಕೆ ಹಾಕಿದರು. ಬಂದ ಸಂಖ್ಯೆಗಳು, 1950ರಿಂದ ಹಿಂದಕ್ಕೆ ಎಣಿಸಿದ ಇಂಗಾಲ-ವರ್ಷಗಳಲ್ಲಿ: ಅರಿಜೋನಾ 646 ± 31, ಆಕ್ಸ್‌ಫರ್ಡ್ 750 ± 30, ಜ್ಯೂರಿಕ್ 676 ± 24. ಇದನ್ನು ಕ್ಯಾಲೆಂಡರಿಗೆ ಹೊಂದಿಸಿದಾಗ ಒಂದಲ್ಲ, ಎರಡು ಅವಧಿ ಬಂದವು: 1262ರಿಂದ 1312, ಇಲ್ಲವೇ 1353ರಿಂದ 1384. ಗಾಳಿಯಲ್ಲಿನ ಇಂಗಾಲ-14ರ ಪ್ರಮಾಣ ಆ ಶತಮಾನದಲ್ಲಿ ಏರಿಳಿದದ್ದೇ ಇದಕ್ಕೆ ಕಾರಣ. ಎರಡನ್ನೂ ಸೇರಿಸಿ ಹೇಳಿದ್ದೇ ಎಲ್ಲರಿಗೂ ಗೊತ್ತಿರುವ ‘1260–1390, ಶೇ. 95 ಖಚಿತ’ ಎಂಬ ಮಾತು. ಲಿರೇ ದಾಖಲೆಯೂ ಇದರೊಳಗೇ ಬೀಳುತ್ತದೆ.

ಈಗ ಆಕ್ಷೇಪಗಳು. ಬಲವಾದದ್ದು ರಫೂ ವಾದ: ಆ ಮೂಲೆ ಹರಿದಿತ್ತು, ಕಣ್ಣಿಗೆ ಕಾಣದಂತೆ ಹೊಸ ಎಳೆ ಸೇರಿಸಿ ನೇಯ್ದಿದ್ದರು, ಪರೀಕ್ಷೆಯಾದದ್ದು ಆ ಹೊಸ ಎಳೆಗೆ ಎಂದು. 2005ರಲ್ಲಿ ರಸಾಯನವಿಜ್ಞಾನಿ ರೇಮಂಡ್ ರಾಜರ್ಸ್ ಆ ಭಾಗದ ಎಳೆಗಳಲ್ಲಿ ಹತ್ತಿಯೂ ಬಣ್ಣವೂ ಇವೆ, ಉಳಿದ ಬಟ್ಟೆಯಲ್ಲಿ ಇಲ್ಲ ಎಂದು ಬರೆದರು. ಗಂಭೀರವಾದ ಮಾತು, ಉತ್ತರ ಕೊಡಬೇಕಾದದ್ದೇ. ಉತ್ತರ ಬಂತು ಕೂಡ. 2002ರಲ್ಲಿ ತೇಪೆಗಳನ್ನೂ ಹಿಂದಿನ ಅಸ್ತರನ್ನೂ ಬಿಚ್ಚಿ ಬಟ್ಟೆಯ ಎರಡೂ ಮೈಯನ್ನು ನೋಡಿದ ಜವಳಿ ತಜ್ಞೆ ಮೆಖ್ಟಿಲ್ಡ್ ಫ್ಲೂರಿ-ಲೆಂಬರ್ಗ್, ಅಂಥ ರಫೂ ಅಲ್ಲಿಲ್ಲ ಎಂದರು. ಎಷ್ಟೇ ನುರಿತ ರಫೂಗಾರನಾದರೂ ಹಿಂಬದಿಯಲ್ಲಿ ಗುರುತು ಬಿಡುತ್ತಾನೆ. 2010ರಲ್ಲಿ ಅರಿಜೋನಾದಲ್ಲಿ ಉಳಿದಿದ್ದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೂ ಬಣ್ಣದ ಲೇಪ ಸಿಗಲಿಲ್ಲ.

ಅದಕ್ಕಿಂತ ಲೆಕ್ಕವೇ ಗಟ್ಟಿ. ಒಂದನೆಯ ಶತಮಾನದ ಬಟ್ಟೆಯಲ್ಲಿ ಮೂಲ ಇಂಗಾಲ-14ರ ಸುಮಾರು ಶೇ. 79 ಉಳಿದಿರಬೇಕು. ಅಳತೆಯಲ್ಲಿ ಸಿಕ್ಕಿದ್ದು ಶೇ. 92ರ ಹತ್ತಿರ. ಈ ಅಂತರವನ್ನು 16ನೇ ಶತಮಾನದ ನೂಲಿನಿಂದ ತುಂಬಬೇಕೆಂದರೆ ತುಂಡಿನ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಹೊಸ ನೂಲಾಗಿರಬೇಕು. ಅದು ರಫೂ ಅಲ್ಲ, ಬೇರೆಯದೇ ಬಟ್ಟೆ. ಮೇಣ, ಬೆವರು, ಜಿಡ್ಡು ಸೇರಿ ಬಟ್ಟೆ ಹೊಸದರಂತೆ ತೋರಿತು ಎಂಬ ವಾದಕ್ಕೂ ಇದೇ ಉತ್ತರ: ಪರಮಾಣು ಸ್ಫೋಟಗಳು ಗಾಳಿಯ ಇಂಗಾಲ-14 ಅನ್ನು ಹೆಚ್ಚಿಸುವ ಮುಂಚಿನ 20ನೇ ಶತಮಾನದ ಕೊಳೆ ಎಂದೇ ಇಟ್ಟುಕೊಂಡರೂ, ಅಷ್ಟೆಲ್ಲ ತೊಳೆದ ಮೇಲೂ ಉಳಿದ ಇಂಗಾಲದಲ್ಲಿ ಶೇ. 60ಕ್ಕೂ ಹೆಚ್ಚು ಕೊಳೆಯದ್ದೇ ಆಗಿರಬೇಕು.

2022ರ ಎಕ್ಸ್-ರೇ ಅಧ್ಯಯನದ ಸುದ್ದಿಯನ್ನು ಈಗ ಎಲ್ಲರೂ ಹಂಚುತ್ತಾರೆ. ನಾರಿನ ಸೆಲ್ಯುಲೋಸ್ ಎಷ್ಟು ಸವೆದಿದೆ ನೋಡಿ ಅದು ಎರಡು ಸಾವಿರ ವರ್ಷ ಹಳೆಯದಿರಬಹುದು ಎಂದರು. ಆದರೆ ಅದೇ ಬರಹದಲ್ಲಿ ಒಂದು ಷರತ್ತಿದೆ: ಬಟ್ಟೆ ಯೂರೋಪಿಗೆ ಬರುವ ಮುನ್ನ 13 ಶತಮಾನ ಕಾಲ 20ರಿಂದ 22.5 ಡಿಗ್ರಿ ಉಷ್ಣತೆ, ಶೇ. 55ರಿಂದ 75 ತೇವಾಂಶದಲ್ಲಿ ಇದ್ದಿರಬೇಕು. ಹಾಗಿತ್ತೆಂದು ಹೇಳಲು ದಾಖಲೆಯೇ ಇಲ್ಲ. ಸಾಲದ್ದಕ್ಕೆ ಇದು 1532ರಲ್ಲಿ ತನ್ನ ಬೆಳ್ಳಿ ಪೆಟ್ಟಿಗೆಯನ್ನೇ ಕರಗಿಸಿದ ಬೆಂಕಿಯನ್ನು ಕಂಡ ಬಟ್ಟೆ, ಶಾಖಕ್ಕೆ ನಾರು ಬೇಗ ಮುಪ್ಪಾಗುತ್ತದೆ. ಇನ್ನೊಂದು ವಿಷಯ: ಆ ಎಳೆ ಬಂದದ್ದು 1988ರ ತುಂಡಿನ ಪಕ್ಕದ ಜಾಗದಿಂದಲೇ. ಮೂಲೆಯೇ ಕಲಬೆರಕೆ ಎನ್ನುವವರು ಆ ಮೂಲೆಯ ಎಕ್ಸ್-ರೇಯನ್ನು ಸಾಕ್ಷಿಯಾಗಿ ತರಬಾರದು.

‘ಭಾರತದಲ್ಲಿ ನೇಯ್ದದ್ದಂತೆ’ ಎನ್ನುವವರಿಗೆ ಚಿಕ್ಕ ಉತ್ತರ. 2015ರಲ್ಲಿ ಬಟ್ಟೆಯ ಧೂಳಿನ ಡಿಎನ್ಎ ಓದಿದಾಗ ಭಾರತ ಉಪಖಂಡದ ಜನರಲ್ಲಿ ಕಾಣುವ ಗುರುತುಗಳೂ ಸಿಕ್ಕವು, ಅದು ನಿಜ. ಅದೇ ಧೂಳಿನಲ್ಲಿ ಅಮೆರಿಕ ಖಂಡದ ಗಿಡಗಳ ಡಿಎನ್ಎ ಕೂಡ ಇತ್ತು. ಧೂಳು ಹೇಳುವುದು ಬಟ್ಟೆಯನ್ನು ಯಾರು ಯಾರು ಮುಟ್ಟಿದರು, ಎಲ್ಲೆಲ್ಲಿಯ ಗಾಳಿ ತಾಗಿತು ಎಂಬುದನ್ನು. ಮಗ್ಗದ ಊರನ್ನಲ್ಲ.

ಇಷ್ಟಾದರೂ 1988ರ ಕೆಲಸ ಚೊಕ್ಕವಾಗಿತ್ತು ಎಂದು ನಾನು ಹೇಳುವುದಿಲ್ಲ. ನನ್ನನ್ನು ಯಾರೂ ಕೇಳದ, ಕೇಳಲೇಬೇಕಿದ್ದ ಪ್ರಶ್ನೆ ಇದು: ‘ಚೂರನ್ನು ಎಲ್ಲಿಂದ ತೆಗೆಯಬೇಕಿತ್ತು?’ 1986ರ ಯೋಜನೆಯಲ್ಲಿ ಏಳು ಪ್ರಯೋಗಾಲಯಗಳಿದ್ದವು, ಕೊನೆಗೆ ಮೂರಾದವು. ಮೂರಕ್ಕೂ ಒಂದೇ ಪಟ್ಟಿಯನ್ನು ಹಂಚಿದರು, ಅದೂ ಶತಮಾನಗಳಿಂದ ಕೈಯಲ್ಲಿ ಹಿಡಿದು ಪ್ರದರ್ಶಿಸುತ್ತಿದ್ದ ಅಂಚಿನದ್ದು, 1973ರಲ್ಲಿ ಒಮ್ಮೆ ಕತ್ತರಿಸಿದ್ದ ಜಾಗಕ್ಕೆ ತಾಗಿದ್ದು. ಮೂರು ಜನ ಒಂದೇ ಕಾಳನ್ನು ಹಂಚಿಕೊಂಡು ನೋಡಿದರೆ ಅದು ಮೂರು ಕಡೆಯಿಂದ ತೆಗೆದ ಮಾದರಿಯಾಗುವುದಿಲ್ಲ. ಉಳಿದ ಮೂರು ಬಟ್ಟೆಗಳ ವಿಷಯದಲ್ಲಿ ಪ್ರಯೋಗಾಲಯಗಳ ಸಂಖ್ಯೆಗಳು ಚೆನ್ನಾಗಿ ಹೊಂದಿದವು. ಶವವಸ್ತ್ರದಲ್ಲಿ ಹೊಂದಲಿಲ್ಲ. ಸಂಖ್ಯೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವ ಕೈ-ವರ್ಗ (chi-square) ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆಯ ಮಿತಿ 5.99, ಬಂದದ್ದು 6.4. ಬರಿಯ ಆಕಸ್ಮಿಕದಿಂದ ಅಷ್ಟು ಅಂತರ ಬರುವುದು ನೂರಕ್ಕೆ ನಾಲ್ಕು ಸಲ. ಮೂಲ ಅಂಕಿಗಳು, ಅವನ್ನು ಒಟ್ಟುಗೂಡಿಸಿದ್ದ ಬ್ರಿಟಿಷ್ ಮ್ಯೂಸಿಯಂನಿಂದ ಹೊರಬಂದದ್ದು 2017ರಲ್ಲಿ, ಮಾಹಿತಿ ಹಕ್ಕಿನಡಿ ಕೇಳಿದ ಮೇಲೆ. 2019ರ ಮರುಲೆಕ್ಕ ಆ ಹೊಂದಿಕೆಯ ಕೊರತೆಯನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸಿತು. ಈ ದೂರು ನ್ಯಾಯವಾದದ್ದು. ಆದರೆ ಪ್ರಯೋಗಾಲಯಗಳ ನಡುವಿನ ಜಗಳ ನೂರು ವರ್ಷದ್ದು, ಸಾವಿರದ ಮುನ್ನೂರು ವರ್ಷದ್ದಲ್ಲ.

ಮತ್ತೆ ಪರೀಕ್ಷೆ ಮಾಡುವುದಾದರೆ ಹೀಗೆ ಮಾಡಬೇಕು. ಕನಿಷ್ಠ ನಾಲ್ಕೈದು ಕಡೆಯಿಂದ, ಒಂದಕ್ಕೊಂದು ದೂರವಿರುವ ಜಾಗಗಳಿಂದ, ಹಾಸಿನ ಎಳೆಯನ್ನೂ ಹೊಕ್ಕಿನ ಎಳೆಯನ್ನೂ ಬೇರೆಬೇರೆಯಾಗಿ ತೆಗೆಯಬೇಕು. ತೆಗೆಯುವ ಮೊದಲೇ ಪ್ರತಿ ಎಳೆಯ ಚಿತ್ರ, ತೂಕ, ಸೂಕ್ಷ್ಮದರ್ಶಕದ ವರದಿ ಬರೆದಿಡಬೇಕು. ಸೆಲ್ಯುಲೋಸ್‌ನಲ್ಲಿ ಇಂಗಾಲ ಶೇ. 44ರಷ್ಟು, ತೊಳೆಯುವಾಗ ಅರ್ಧ ಹೋದರೂ 5 ಮಿಲಿಗ್ರಾಂ ನೂಲಿನಿಂದ ಒಂದು ಮಿಲಿಗ್ರಾಂ ಇಂಗಾಲ ಸಿಗುತ್ತದೆ, ಈಗಿನ ಯಂತ್ರಕ್ಕೆ ಅದು ಧಾರಾಳ. ಪ್ರತಿ ಜಾಗದ ನೂಲನ್ನು ಎರಡು ಪಾಲು ಮಾಡಿ ಎರಡು ರೀತಿಯಲ್ಲಿ ತೊಳೆಯಬೇಕು. ಎರಡರ ವಯಸ್ಸೂ ಒಂದೇ ಬಂದರೆ ಕೊಳೆ ಹೋಗಿದೆ ಎಂದರ್ಥ, ಬೇರೆ ಬಂದರೆ ಆ ಜಾಗದ ಫಲಿತಾಂಶ ಬಿಡಬೇಕು. ಅಂಕಿಗಳೆಲ್ಲ ಅದೇ ದಿನ ಹೊರಗೆ ಬರಬೇಕು.

ಇದಕ್ಕೆ ಹೊಸದಾಗಿ ಕತ್ತರಿ ಹಾಕಬೇಕೆಂದೂ ಇಲ್ಲ. 2002ರಲ್ಲಿ ತೇಪೆ ಬಿಚ್ಚಿದಾಗ ಅಡಿಯಲ್ಲಿ ಸಿಕ್ಕ ಸುಟ್ಟ ನಾರನ್ನು ಯಾವ ಜಾಗದ್ದೆಂದು ಗುರುತಿಸಿ ತೆಗೆದಿಟ್ಟಿದ್ದಾರೆ. ಇದ್ದಿಲಾದ ನಾರು ಆಮ್ಲ, ಕ್ಷಾರ ಎರಡನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ. ಆ ಸುಟ್ಟ ರಂಧ್ರಗಳು ಬಟ್ಟೆಯ ಉದ್ದಕ್ಕೂ ಹರಡಿವೆ, 1988ರ ಮೂಲೆಯಿಂದ ಮೀಟರುಗಟ್ಟಲೆ ದೂರದವರೆಗೆ.